ಅಪ್‌ಡೇಟ್: ತುಮಕೂರಿನಿಂದ ಫೆಲೋಶಿಪ್ ಪಿಎಚ್‌ಡಿಗೆ ಅರ್ಜಿ

ತುಮಕೂರಿನಲ್ಲಿ ಎಂ.ಎಸ್ಸಿ. ರಸಾಯನಶಾಸ್ತ್ರ ಮುಗಿಸಿದವರು ಸ್ಟೈಪೆಂಡ್ ಸಿಗುವ ಪಿಎಚ್‌ಡಿ ಎಲ್ಲಿ ಹುಡುಕಬೇಕು ಎಂದು ಕೇಳಿದ್ದೆ. ಉತ್ತರಿಸಿದ ಎಲ್ಲರಿಗೂ ಧನ್ಯವಾದ.

ಮೊದಲು ತಿಳಿಯಬೇಕಾದದ್ದು, ಜೆಆರ್‌ಎಫ್ (ಜೂನಿಯರ್ ರಿಸರ್ಚ್ ಫೆಲೋಶಿಪ್, ಅಂದರೆ ಸಂಶೋಧನೆಗೆ ಸಿಗುವ ತಿಂಗಳ ಸ್ಟೈಪೆಂಡ್) ಎಂಬ ಹೆಸರಿನಲ್ಲಿ ಎರಡು ಬಗೆ ಇವೆ. ಸಿಎಸ್‌ಐಆರ್-ಯುಜಿಸಿ ನೆಟ್ ಎಂಬ ರಾಷ್ಟ್ರಮಟ್ಟದ ಪರೀಕ್ಷೆ ಬರೆದು ಪಡೆದ ಫೆಲೋಶಿಪ್ ಅಭ್ಯರ್ಥಿಯದು: ಮೊದಲ 2 ವರ್ಷ ತಿಂಗಳಿಗೆ 37,000, ಆಮೇಲೆ 42,000 ರೂಪಾಯಿ, ಮನೆ ಬಾಡಿಗೆ ಭತ್ಯೆ ಬೇರೆ. ಪ್ರಾಜೆಕ್ಟ್ ಜೆಆರ್‌ಎಫ್ ಹಾಗಲ್ಲ. ದುಡ್ಡು ಪ್ರೊಫೆಸರ್ ನಡೆಸುವ ಸಂಶೋಧನಾ ಪ್ರಾಜೆಕ್ಟಿನದು, ಅವಧಿ ಮುಗಿದರೆ ನಿಂತುಹೋಗುತ್ತದೆ. ಇನ್ನೆಷ್ಟು ತಿಂಗಳು ಉಳಿದಿದೆ, ಪಿಎಚ್‌ಡಿ ನೋಂದಣಿಗೆ ಅವಕಾಶ ಇದೆಯೇ ಎಂದು ಸೇರುವ ಮೊದಲೇ ಕೇಳಿ. ಪಿಎಚ್‌ಡಿ ಪ್ರವೇಶಕ್ಕೆ ಬಳಸುವ ಇನ್ನೊಂದು ಪರೀಕ್ಷೆ ಗೇಟ್; ಅದರ ಅಂಕ ಫಲಿತಾಂಶದಿಂದ 3 ವರ್ಷ ನಡೆಯುತ್ತದೆ.

ಒಳ್ಳೆಯ ಅರ್ಜಿಗಳೂ ದಾಖಲೆಯಲ್ಲಿ ಮುಗ್ಗರಿಸುತ್ತವೆ, ಇದನ್ನು ದಯವಿಟ್ಟು ಹಗುರವಾಗಿ ತೆಗೆದುಕೊಳ್ಳಬೇಡಿ. ಕೇಂದ್ರ ಸಂಸ್ಥೆಗಳ ಒಬಿಸಿ ಸೀಟಿಗೆ 2ಎ, 3ಬಿ ಎಂದು ಬರೆದ ರಾಜ್ಯದ ಪ್ರಮಾಣಪತ್ರ ನಡೆಯುವುದಿಲ್ಲ. ಕೇಂದ್ರದ ನಮೂನೆಯೇ ಬೇಕು, ಕೆನೆಪದರಕ್ಕೆ (ಒಬಿಸಿಯಲ್ಲೇ ಹೆಚ್ಚು ಅನುಕೂಲಸ್ಥರ ಗುಂಪಿಗೆ) ಸೇರಿಲ್ಲ ಎಂಬ ಸಾಲು ಇರಬೇಕು. ಪ್ರಮಾಣಪತ್ರದಲ್ಲಿ ಪ್ರವೇಶದ ವರ್ಷದ ಏಪ್ರಿಲ್ 1 ಅಥವಾ ನಂತರದ ದಿನಾಂಕವನ್ನೇ ಐಐಟಿಗಳು ಸಾಮಾನ್ಯವಾಗಿ ಕೇಳುತ್ತವೆ. ನಾಡಕಚೇರಿಯಲ್ಲಿ ಅರ್ಜಿ ಕೊಡುವಾಗಲೇ ಕೇಂದ್ರದ ಒಬಿಸಿ ಎಂದು ಸ್ಪಷ್ಟವಾಗಿ ಹೇಳಿ.

ಪ್ರೊಫೆಸರಿಗೆ ಇಮೇಲ್ ಬರೆದರೆ ಅವರ ಒಂದು ಪೇಪರ್ ಓದಿ, ಅದರ ಬಗ್ಗೆ ಮೂರು ಸಾಲು ಸಾಕು. 2 ಪುಟದ ಸಿವಿಯನ್ನು ಪಿಡಿಎಫ್‌ನಲ್ಲೇ ಲಗತ್ತಿಸಿ. ಒಂದೇ ಪತ್ರವನ್ನು ಇಪ್ಪತ್ತು ಜನಕ್ಕೆ ಕಳಿಸಬೇಡಿ.