‘ಮನಾ ಕರ್ವ್’: ವಕ್ರರೇಖೆಯೋ, ಮೆಟ್ಟಿಲೋ?

‘ಮ್ಯಾಜಿಕ್: ದ ಗ್ಯಾದರಿಂಗ್’ ಎಂಬ ಎಲೆಯಾಟದ ತಂತ್ರಗಳ ಚರಿತ್ರೆಯನ್ನು ಕನ್ನಡದಲ್ಲಿ ಬರೆಯುತ್ತಿದ್ದೇನೆ. ‘ಡೆಕ್’ ಎಂಬುದಕ್ಕೆ ಇಸ್ಪೀಟಿನವರ ‘ಕಟ್ಟು’ ಸಲೀಸಾಗಿ ಒದಗಿತು. ‘ಹಾಡು ಹಾಡುವ’ ಹಾಗೆ ‘ಕಟ್ಟು ಕಟ್ಟುವುದು’ ಎಂದರೂ ಕಿವಿಗೆ ಹಿತವಾಗಿಯೇ ಇದೆ. ತೊಡಕಾಗಿರುವುದು ‘ಮನಾ ಕರ್ವ್’.

ರಿಚರ್ಡ್ ಗಾರ್ಫೀಲ್ಡ್ ರೂಪಿಸಿ 1993ರಲ್ಲಿ ಹೊರಬಂದ ಈ ಆಟದಲ್ಲಿ ಮನಾ ಎಂದರೆ ಎಲೆಯನ್ನು ಇಳಿಸಲು ತೆರಬೇಕಾದ ಶಕ್ತಿ. ಸರದಿಗೆ ಒಂದರಂತೆ ‘ಲ್ಯಾಂಡ್’ ಎಲೆಗಳನ್ನು ಹಾಸುತ್ತ ಹೋದರೆ ಸಾಮಾನ್ಯವಾಗಿ ಮೊದಲ ಸರದಿಗೆ ಒಂದು, ಎರಡನೆಯದಕ್ಕೆ ಎರಡು, ಮೂರನೆಯದಕ್ಕೆ ಮೂರು ಮನಾ ಕೈಗೆ ಬರುತ್ತವೆ. ಕಟ್ಟು ಕಟ್ಟುವವರು ಒಂದು ಮನಾದ ಎಲೆಗಳನ್ನು ಒಂದು ಸಾಲಿಗೆ, ಎರಡರವನ್ನು ಪಕ್ಕದ ಸಾಲಿಗೆ, ಹೀಗೆ ಮೇಜಿನ ಮೇಲೆ ಹರಡಿಕೊಂಡು ನೋಡುತ್ತಾರೆ. ಆ ಸಾಲುಗಳ ತುದಿಗಳನ್ನು ಕೂಡಿಸಿದರೆ ಕಾಣುವ ಗೆರೆಯೇ ಕರ್ವ್.

ಈ ಮಾತಿನ ಚರಿತ್ರೆ 1996ರಲ್ಲಿ ಅಮೆರಿಕದ ಅಟ್ಲಾಂಟಾದಲ್ಲಿ ನಡೆದ ಒಂದು ಅರ್ಹತಾ ಪಂದ್ಯಾವಳಿಯೊಂದಿಗೆ ಹೆಣೆದುಕೊಂಡಿದೆ. ಅಲ್ಲಿ ಪಾಲ್ ಸ್ಲೈ ಆಡಿದ, ಆಟದ ಬಣ್ಣಗಳಲ್ಲೊಂದಾದ ಕೆಂಪಿನ ಎಲೆಗಳ ಕಟ್ಟನ್ನು ಕಲ್ಪಿಸಿದವರು ಜೇ ಶ್ನೈಡರ್. ಆದರೂ ಆ ತಂತ್ರಕ್ಕೆ ‘ಸ್ಲೈ’ ಎಂದು ಆಡಿದವರ ಹೆಸರೇ ನಿಂತಿತು. ಅದರಲ್ಲಿದ್ದ ‘ಐರನ್‌ಕ್ಲಾ ಆರ್ಕ್ಸ್’ ಎಂಬ ಎರಡು ಮನಾದ ಎಲೆ, ಬಲ ಎರಡು ಅಥವಾ ಅದಕ್ಕಿಂತ ಹೆಚ್ಚಿರುವ ಎದುರಾಳಿ ಜೀವಿಯನ್ನು ತಡೆಯಲಾರದು. ಒಂದೊಂದು ಎಲೆಯ ಬಲವನ್ನಷ್ಟೇ ತೂಗುವವರು ಅದನ್ನು ಮುಟ್ಟುತ್ತಿರಲಿಲ್ಲ. ಶ್ನೈಡರ್ ಅವರ ಲೆಕ್ಕವೇ ಬೇರೆ: ಯಾವ ಸರದಿಯಲ್ಲೂ ಮನಾ ವ್ಯರ್ಥವಾಗಬಾರದು, ಪ್ರತಿ ಸರದಿಗೂ ಇಳಿಸಲು ತಕ್ಕ ಎಲೆ ಕೈಯಲ್ಲಿರಬೇಕು. ಒಂದೇ ಮನಾಕ್ಕೆ ಎದುರಾಳಿಯ ಇಪ್ಪತ್ತು ಪ್ರಾಣಾಂಕಗಳಲ್ಲಿ ಮೂರನ್ನು ಕಳೆಯುವ ‘ಲೈಟ್ನಿಂಗ್ ಬೋಲ್ಟ್’ ಕೂಡ ಅಲ್ಲಿತ್ತು. ಸಾಧಾರಣ ಎಲೆಗಳ ಒಟ್ಟು ಓಘವೇ ಗೆಲುವಿನ ದಾರಿಯಾಗಬಹುದೆಂಬ ಈ ಕಾಣ್ಕೆ ಆಟದ ಇತಿಹಾಸದಲ್ಲಿ ನನಗೆ ಅತ್ಯಂತ ಸುಂದರವಾಗಿ ತೋರುವ ಸಂಗತಿ.

ಇನ್ನು ಪದದ ಮಾತು. ಗಣಿತದ ‘ವಕ್ರರೇಖೆ’ ಅರ್ಥದಲ್ಲಿ ಸರಿಯಾದರೂ, ವಕ್ರದೃಷ್ಟಿ, ವಕ್ರಬುದ್ಧಿಗಳ ನೆರಳು ಅದರ ಮೇಲೆ ಬೀಳುತ್ತದೆ, ಇಲ್ಲಿರುವುದೋ ಓರಣ. ‘ಇಳಿಜಾರು’ ಎಂದರೆ ಕಡಿಮೆ ಮನಾದ ಎಲೆಗಳೇ ಹೆಚ್ಚಿರುವ ಸ್ಲೈ ಕಟ್ಟಿಗೆ ಹೊಂದೀತು, ಹೆಚ್ಚು ಮನಾ ಬೇಡುವ ಎಲೆಗಳನ್ನೇ ನಂಬಿದ ಕಟ್ಟುಗಳಿಗೆ ಹೊಂದದು. ನನ್ನ ಒಲವು ‘ಮನಾ ಮೆಟ್ಟಿಲು’ ಎಂಬುದರ ಕಡೆಗಿದೆ. ಸರದಿಯಿಂದ ಸರದಿಗೆ ತಪ್ಪದೆ ಎಲೆ ಇಳಿಸುವುದನ್ನು ಆಟಗಾರರು ‘ಕರ್ವ್ ಔಟ್’ ಎನ್ನುತ್ತಾರೆ. ಅದಕ್ಕೆ ‘ಮೆಟ್ಟಿಲೇರು’ ಎಂಬ ಕ್ರಿಯಾಪದವೂ ತಾನಾಗಿ ಸಿಗುತ್ತದೆ. ಆದರೆ ಯಾವ ಮೆಟ್ಟಿಲಲ್ಲಿ ಎಷ್ಟು ಎಲೆಗಳಿವೆ ಎಂಬ ಎಣಿಕೆಯ ಸೂಚನೆ ಇದರಲ್ಲಿ ಉಳಿಯುವುದಿಲ್ಲ ಎಂಬುದು ನನ್ನ ಅಳುಕು.

ಪಾಲಿನೇಷ್ಯದ ಭಾಷೆಗಳಲ್ಲಿ ಅಲೌಕಿಕ ಶಕ್ತಿಯನ್ನು ಸೂಚಿಸುವ ‘ಮನಾ’ವನ್ನು ದೀರ್ಘವಿಲ್ಲದೆ ಬರೆದರೆ ನಮ್ಮ ‘ಮನ’ವೇ ಆಗಿಬಿಡುವುದರಿಂದ ಆ ದೀರ್ಘವನ್ನು ಉಳಿಸಿಕೊಂಡಿದ್ದೇನೆ. ಎಣಿಕೆ ಮತ್ತು ಏರಿಕೆ ಎರಡನ್ನೂ ಹಿಡಿಯುವ ಪದ ಲೆಕ್ಕಪತ್ರದ, ನೇಯ್ಗೆಯ ಅಥವಾ ಗಾರೆಗೆಲಸದ ಕನ್ನಡದಲ್ಲಿ ಬಳಕೆಯಲ್ಲಿದ್ದರೆ ಬಲ್ಲವರು ದಯವಿಟ್ಟು ತಿಳಿಸಬೇಕು.