ರನ್‌ವೇ ಮುಗಿಯೋಕೆ 150 ಅಡಿ ಇದ್ದಾಗ ನಿಂತೆ. ಮತ್ತೆ ಮೇಲೇರಬೇಕಿತ್ತಾ?

ಹಾಸನ_ಸ್ಯಾನ್‌ಹೊಸೆ:
ಪೈಲಟ್ ಲೈಸೆನ್ಸ್ ಸಿಕ್ಕಿ 14 ತಿಂಗಳಾಯಿತು. ಬಾಡಿಗೆಗೆ ತೆಗೆದುಕೊಂಡು ಹಾರಿಸುವುದು ಸೆಸ್ನಾ 172, ಒಂದೇ ಪ್ರೊಪೆಲ್ಲರಿನ ಸಣ್ಣ ವಿಮಾನ. ಕಳೆದ ಶನಿವಾರ ಊರಿಂದ ಬಂದಿರುವ ಅಮ್ಮನನ್ನು ಕೂರಿಸಿಕೊಂಡು ಕ್ಯಾಲಿಫೋರ್ನಿಯಾದ ಸೆಂಟ್ರಲ್ ವ್ಯಾಲಿಯ ಒಂದು ಸಣ್ಣ ಏರ್‌ಪೋರ್ಟ್‌ಗೆ ಹೋಗಿದ್ದೆ. ರನ್‌ವೇ 2,500 ಅಡಿ. ನಾನು ಕಲಿತ ಪಾಲೋ ಆಲ್ಟೋದ್ದು 2,443 ಅಡಿ. ಹಾಗಾಗಿ ಉದ್ದದ ಬಗ್ಗೆ ತಲೆ ಕೆಡಿಸಿಕೊಳ್ಳಲಿಲ್ಲ.

ಇಳಿಯುವಾಗ ವೇಗ 62 ನಾಟ್ (ಗಂಟೆಗೆ ಸುಮಾರು 115 ಕಿ.ಮೀ.) ಇರಬೇಕಿತ್ತು, 75 ಇತ್ತು. ನೋಡಿದ್ದೆ ಕೂಡ. ಅಮ್ಮ ಪಕ್ಕದಲ್ಲಿದ್ದಾರೆ, ಸ್ವಲ್ಪ ಜಾಸ್ತಿ ಇದ್ದರೆ ಒಳ್ಳೆಯದೇ ಅಂದುಕೊಂಡೆ. ವಿಮಾನ ನೆಲ ಮುಟ್ಟಲೇ ಇಲ್ಲ. ತೇಲುತ್ತಾ ತೇಲುತ್ತಾ ಅರ್ಧ ರನ್‌ವೇ ದಾಟಿತು. ಗಾಳಿಚೀಲದ ಕಡೆ ಆಗ ಕಣ್ಣು ಹೋಯಿತು, ಗಾಳಿ ಹಿಂದಿನಿಂದ. ಚಕ್ರ ತಾಗಿದ್ದೇ ಬ್ರೇಕ್ ಒತ್ತಿ ಹಿಡಿದೆ. ಎದುರಿಗೆ ತಂತಿಬೇಲಿ, ಅದರಾಚೆ ಬಾದಾಮಿ ತೋಟ. ಕೈ ಒಮ್ಮೆ ಎಂಜಿನ್ ಪವರ್ ಕೊಡುವ ಥ್ರಾಟಲ್‌ಗೆ ಹೋಗಿ ವಾಪಸ್ ಬಂತು.

"ಬಸ್ಸಿನವರ ಥರ ನಿಲ್ಲಿಸ್ತೀಯಲ್ಲೋ" ಅಂದರು ಅಮ್ಮ. ಇಳಿದು ನೋಡಿದರೆ ಎಡ ಟೈರ್ ಅಂಗೈಯಗಲ ಚಪ್ಪಟೆಯಾಗಿ ಸವೆದು ಒಳಗಿನ ದಾರ ಕಾಣುತ್ತಿತ್ತು.

ಬ್ರೇಕ್ ಹಾಕಿದ ಮೇಲೂ ಫುಲ್ ಪವರ್ ಕೊಟ್ಟು ಏಳಬೇಕಿತ್ತಾ?

ಹಳೇ_ಮೇಷ್ಟ್ರು:
ಬೇಡ. ಅಷ್ಟು ಹೊತ್ತಿಗೆ ನೆಲದಲ್ಲೇ ಉಳಿದದ್ದು ಸರಿ. 20 ನಾಟ್‌ನಲ್ಲಿ ಬೇಲಿಗೆ ಗುದ್ದಿದರೆ ಪ್ರೊಪೆಲ್ಲರ್ ಹೋಗುತ್ತದೆ, ಮಾನ ಹೋಗುತ್ತದೆ. ಅರೆಬರೆ ವೇಗದಲ್ಲಿ ಎದ್ದು 60ರಲ್ಲಿ ಮರಕ್ಕೆ ಹೊಡೆದರೆ ಪೆಟ್ಟು 9 ಪಟ್ಟು.

ಲೆಕ್ಕ ನೋಡಿ. 172ರ ಎಸ್ ಮಾದರಿಯ ಕೈಪಿಡಿ ಪ್ರಕಾರ ಸಮುದ್ರಮಟ್ಟದಲ್ಲಿ ನೆಲದ ಓಟ 575 ಅಡಿ, 50 ಅಡಿ ಎತ್ತರದಿಂದ ಹಿಡಿದರೆ 1,335. ಗಾಳಿ ಹಿಂದಿನಿಂದ ಬಂದರೆ ಪ್ರತಿ 2 ನಾಟ್‌ಗೆ ಶೇ 10 ಸೇರಿಸಿ. 62ರ ಬದಲು 75 ಅಂದರೆ ಕರಗಿಸಬೇಕಾದ ಶಕ್ತಿ ಹತ್ತಿರ ಹತ್ತಿರ ಒಂದೂವರೆ ಪಟ್ಟು. ಅದು ತೇಲುವಾಗ ಕರಗಬೇಕು, ಗಾಳಿಯಲ್ಲಿ ಬ್ರೇಕ್ ಎಲ್ಲಿದೆ?

ಟೈರ್ ಸವೆದದ್ದಕ್ಕೆ ಕಾರಣ ಬೇರೆ. ಚಕ್ರ ತಾಗಿದ ಮೇಲೂ ರೆಕ್ಕೆ ವಿಮಾನವನ್ನು ಎತ್ತುತ್ತಲೇ ಇರುತ್ತದೆ. ಚಕ್ರದ ಮೇಲೆ ಭಾರವಿಲ್ಲ, ಒತ್ತಿದರೆ ಜಾಮ್ ಆಗಿ ಉಜ್ಜುತ್ತದೆ. ಫ್ಲಾಪ್ (ರೆಕ್ಕೆಯ ಹಿಂಬದಿಯ ಮಡಚು ಹಲಗೆ) ಮೇಲೆತ್ತಿ, ಯೋಕ್ (ಕೈಯಲ್ಲಿ ಹಿಡಿಯುವ ಸ್ಟಿಯರಿಂಗ್) ಹಿಂದಕ್ಕೆಳೆದು, ಆಮೇಲೆ ಬ್ರೇಕ್.

ಇನ್ನೊಂದು. ಇಳಿಯುವ ಮೊದಲೇ ಒಂದು ಗುರುತು ಹಿಡಿದುಕೊಳ್ಳಿ, ರನ್‌ವೇಯ ಮೊದಲ ಮೂರನೇ ಒಂದು ಭಾಗದೊಳಗೆ. ಟ್ಯಾಕ್ಸಿವೇ (ರನ್‌ವೇಗೆ ಬಂದು ಸೇರುವ ಪಕ್ಕದ ದಾರಿ) ಆದರೂ ಸರಿ. ಅಲ್ಲಿಗೆ ಚಕ್ರ ತಾಗಿರದಿದ್ದರೆ ಯೋಚನೆ ಬೇಡ, ಏಳಿ.

ಜಕ್ಕೂರು_ಹಕ್ಕಿ:
ಮೇಷ್ಟ್ರು ಹೇಳಿದ್ದು ಸಮುದ್ರಮಟ್ಟದ ಲೆಕ್ಕ. ನಾನು ಕಲಿತದ್ದು ಬೆಂಗಳೂರಿನ ಜಕ್ಕೂರಿನಲ್ಲಿ, ಸುಮಾರು 3,000 ಅಡಿ ಎತ್ತರ. ಏಪ್ರಿಲ್‌ನಲ್ಲಿ 35 ಡಿಗ್ರಿ ಇದ್ದರೆ ಬಿಸಿಗೆ ಗಾಳಿ ತೆಳುವಾಗಿ ವಿಮಾನದ ಪಾಲಿಗೆ ಅದು 6,000 ಅಡಿ. ವೇಗದ ಮೀಟರ್ 62 ಅಂತಲೇ ತೋರಿಸುತ್ತದೆ, ನೆಲ ಮಾತ್ರ ಓಡೋಡಿ ಬರುತ್ತದೆ. ನಿಜವಾದ ವೇಗ 68ರ ಆಸುಪಾಸು. ವ್ಯಾಲಿಯಲ್ಲೂ ಬೇಸಿಗೆ ಸುಡುತ್ತದೆ ಅಲ್ವಾ, ನೋಡಿಕೊಳ್ಳಿ.

ಸುಮ್ನೆ_ಓದುಗ:
ನಾನು ಪೈಲಟ್ ಅಲ್ಲ. ರನ್‌ವೇ ಕೊನೆಗೆ ವಿಮಾನದ ಚಕ್ರ ಹೂತು ನಿಲ್ಲಲಿ ಅಂತ ಪುಡಿಯಾಗುವ ಕಾಂಕ್ರೀಟ್ ಹಾಕುತ್ತಾರಲ್ಲ, ಅದನ್ನೇ ಎಲ್ಲ ಕಡೆ ಹಾಕಿದರೆ ಆಗಲ್ವಾ?

ಹಳೇ_ಮೇಷ್ಟ್ರು:
ನ್ಯೂಜೆರ್ಸಿಯ ಟೆಟರ್‌ಬರೋದಲ್ಲಿ ಹಾಕಿದ್ದಾರೆ. 2005ರಲ್ಲಿ ಅಲ್ಲಿ ಒಂದು ಚಾಲೆಂಜರ್ ಜೆಟ್ ಟೇಕಾಫ್‌ನಲ್ಲಿ ಮೇಲೇಳದೆ ಹೆದ್ದಾರಿ ದಾಟಿ ಗೋದಾಮಿಗೆ ನುಗ್ಗಿತ್ತು. ಮೂಗಿನ ಕಡೆ ಭಾರ ಮಿತಿ ಮೀರಿತ್ತು. ಆಮೇಲೆ ಹಾಕಿದ ಹಾಸು 2010ರಲ್ಲಿ ಒಂದು ಗಲ್ಫ್‌ಸ್ಟ್ರೀಮ್ ಜೆಟ್ಟನ್ನು ಹಿಡಿದು ನಿಲ್ಲಿಸಿತು. ಆದರೆ ಅದು ಭಾರದ ಜೆಟ್‌ಗಳಿಗೆ. ನಮ್ಮ 172 ಸಾವಿರ ಕೆಜಿ ಚಿಲ್ಲರೆ, ಹೂತುಕೊಳ್ಳುವಷ್ಟು ತೂಕವೇ ಇಲ್ಲ. ಖರ್ಚು ಬೇರೆ.

ಹಾಸನ_ಸ್ಯಾನ್‌ಹೊಸೆ:
ಥ್ಯಾಂಕ್ಸ್ ಸರ್. ಹೊಸ ಟೈರಿನ ದುಡ್ಡು ನಾನೇ ಕಟ್ಟಿದೆ. ನೀವು ಹೇಳಿದ ಜಾಗದಲ್ಲೇ ಅಲ್ಲೊಂದು ಟ್ಯಾಕ್ಸಿವೇ ಇತ್ತು, ಹಳದಿ ಬೋರ್ಡ್. ಎಡಗಡೆ ಹಾದುಹೋಗಿದ್ದು ಸರಿಯಾಗಿ ನೆನಪಿದೆ. ಆಗ ನಾವಿನ್ನೂ ಗಾಳಿಯಲ್ಲೇ ಇದ್ದೆವು.