ಇಂಗ್ಲಿಷಿನ ‘ರೆಕ್ವಿಜಿಟ್’ಗೆ (requisite) ಎಲ್ಲ ಕಡೆ ‘ಅಗತ್ಯ’ ಅಂತಲೇ ಬರೆಯಬಹುದಾ?

ಪ್ರಶ್ನೆ:
ನೇಮಕಾತಿ ಪ್ರಕಟಣೆಯೊಂದನ್ನು ಕನ್ನಡಕ್ಕೆ ತರಬೇಕಿದೆ. ‘ರೆಕ್ವಿಜಿಟ್ ಡಾಕ್ಯುಮೆಂಟ್ಸ್’, ‘ರೆಕ್ವಿಜಿಟ್ ಫೀ’ ಎರಡೂ ಬರುತ್ತವೆ. ‘ಅಗತ್ಯ ದಾಖಲೆ’ ಸರಿ, ಆದರೆ ‘ಅಗತ್ಯ ಶುಲ್ಕ’ ಕಿವಿಗೆ ಒಗ್ಗುತ್ತಿಲ್ಲ. ‘ಅನಿವಾರ್ಯ’ ಹಾಕಲೇ? ಉಚ್ಚಾರದ ಕೊನೆ ‘ಸೈಟ್’ ಎಂದೇ?

ಉತ್ತರ 1:
‘ಸೈಟ್’ ಅಲ್ಲ ಸರ್, ‘ರೆಕ್ವಿಜಿಟ್’. ಒತ್ತು ಮೊದಲ ‘ರೆ’ ಮೇಲೆ. ‘ಆಪೊಸಿಟ್’, ‘ಡೆಫಿನಿಟ್’ ಹೇಗೋ ಹಾಗೆಯೇ ಕೊನೆ ಮೊಟಕು.

ನಮಗೆ ಬೇಕೆನಿಸಿದ್ದಕ್ಕೆಲ್ಲ ಈ ಪದ ಸಲ್ಲದು. ಒಂದು ನಿಯಮ ಅಥವಾ ಉದ್ದೇಶ ಇಷ್ಟು ಇರಲೇಬೇಕು ಎಂದು ಕೇಳುವುದು ರೆಕ್ವಿಜಿಟ್. 224 ಸದಸ್ಯರ ನಮ್ಮ ವಿಧಾನಸಭೆಯಲ್ಲಿ ಎಲ್ಲರೂ ಹಾಜರಿದ್ದು ಮತ ಹಾಕಿದರೆ ಗೆಲ್ಲಲು 113 ಬೇಕು. ಆ 113 ‘ರೆಕ್ವಿಜಿಟ್ ನಂಬರ್’. ಶುಲ್ಕವನ್ನೂ ನಿಯಮವೇ ಗೊತ್ತುಮಾಡಿರುತ್ತದೆ, ಆದ್ದರಿಂದ ‘ನಿಗದಿತ ಶುಲ್ಕ’ ಎನ್ನಿ. ‘ಅನಿವಾರ್ಯ’ ಬೇಡವೇ ಬೇಡ. ಅದು ತಪ್ಪಿಸಿಕೊಳ್ಳಲಾಗದ್ದು, ಸಾವು ಅನಿವಾರ್ಯ, ಜೆರಾಕ್ಸ್ ಪ್ರತಿಯಲ್ಲ.

ಉತ್ತರ 2:
ಮೇಲಿನದಕ್ಕೆ ಸಹಮತ. ಇದರ ಅಕ್ಕಪಕ್ಕದ ಪದಗಳಲ್ಲೇ ಹೆಚ್ಚು ಎಡವಟ್ಟಾಗುವುದು. ‘ಪ್ರೀರೆಕ್ವಿಜಿಟ್’ ಎಂದರೆ ಮೊದಲೇ ಇರಬೇಕಾದದ್ದು. ಪಠ್ಯಕ್ರಮದಲ್ಲಿ ಬಂದರೆ ‘ಪೂರ್ವಾಪೇಕ್ಷಿತ’ ಎಂಬ ಯಂತ್ರದ ಕನ್ನಡ ಬಿಟ್ಟು ‘ಮೊದಲು ಓದಿರಬೇಕಾದ ವಿಷಯ’ ಎನ್ನಿ, ವಿದ್ಯಾರ್ಥಿಗೆ ತಕ್ಷಣ ತಿಳಿಯುತ್ತದೆ. ‘ಪರ್ಕ್ವಿಜಿಟ್’ ಬೇರೆಯೇ: ಸಂಬಳದ ಜೊತೆ ಸಿಗುವ ಮನೆ, ಕಾರಿನಂಥ ಸವಲತ್ತು. 2026ರ ಮಾರ್ಚ್‌ವರೆಗೆ ಜಾರಿಯಲ್ಲಿದ್ದ 1961ರ ಆದಾಯ ತೆರಿಗೆ ಕಾಯ್ದೆಯ 17(2)ನೇ ಕಲಂ ಇದನ್ನೇ ವಿವರಿಸುತ್ತಿತ್ತು. ಟೈಪಿಸುವಾಗ ಒಂದರ ಬದಲು ಇನ್ನೊಂದು ಬಿದ್ದರೂ ಸ್ಪೆಲ್‌ಚೆಕ್ ಹಿಡಿಯದು, ಎರಡೂ ನಿಜವಾದ ಪದಗಳೇ. ಕಣ್ಣಿಟ್ಟೇ ಓದಬೇಕು.

‘ರಿಕ್ವಿಜಿಷನ್’ ಬೇಡಿಕೆಪತ್ರ, ಚುನಾವಣೆಗೆಂದು ಬಸ್ಸು, ಶಾಲಾ ಕಟ್ಟಡ ವಶಕ್ಕೆ ಪಡೆಯುವುದಕ್ಕೂ ಅದೇ ಹೆಸರು.

ಪ್ರಶ್ನೆ ಕೇಳಿದವರು:
ಧನ್ಯವಾದ. ಹಾಗಾದರೆ ‘ನನಗೆ ಹಣದ ಅಗತ್ಯವಿದೆ’ ಎನ್ನುವುದಕ್ಕೆ ‘ಐ ಹ್ಯಾವ್ ಎ ರೆಕ್ವಿಜಿಟ್ ಆಫ್ ಮನಿ’ ಆಗುತ್ತದೆಯೇ?

ಉತ್ತರ 1:
ಆಗುವುದಿಲ್ಲ. ಅಲ್ಲಿ ‘ಐ ನೀಡ್ ಮನಿ’ ಸಾಕು. ‘ವೆರಿ ರೆಕ್ವಿಜಿಟ್’ ಅಂತಲೂ ಬರೆಯಬೇಡಿ. ನಿಯಮ ಕೇಳಿದ್ದು ಇದೆ ಅಥವಾ ಇಲ್ಲ, ಅದರಲ್ಲಿ ಹೆಚ್ಚು ಕಡಿಮೆ ಇಲ್ಲ. ವಾಕ್ಯದಲ್ಲಿ ಸಾಮಾನ್ಯವಾಗಿ ‘ದ’ ಸೇರಿಸಿ ನಾಮಪದದ ಮುಂದಿಡಿ: ‘ಸಬ್ಮಿಟ್ ದ ರೆಕ್ವಿಜಿಟ್ ಡಾಕ್ಯುಮೆಂಟ್ಸ್’. ಕನ್ನಡದಲ್ಲಿ ‘ಬೇಕಾದ ದಾಖಲೆಗಳನ್ನು ಸಲ್ಲಿಸಿ’ ಎಂದರೆ ಮುಗಿಯಿತು.